ಕಾಣೆಯಾದ ಅಣ್ಣನಿಗೆ ಯಾವ ತಿಥಿ?

ಪ್ರಶ್ನೆ: ಹೊಸನಗರ ತಾಲೂಕಿನ ಅಡಿಕೆ ಬೆಳೆಗಾರರ ಮನೆಯೊಂದರ ಮೇಲೆ ಸಸ್ಪೆನ್ಸ್ ಕಾದಂಬರಿ ಬರೆಯುತ್ತಿದ್ದೇನೆ. ಆಸ್ತಿ ಜಗಳದಲ್ಲಿ ತಮ್ಮನೇ ಅಣ್ಣನನ್ನು ಕೊಂದು, 'ಮನೆ ಬಿಟ್ಟು ಹೋದ' ಎಂದು ಸುದ್ದಿ ಹಬ್ಬಿಸುತ್ತಾನೆ. ತಾಯಿ, ಅತ್ತಿಗೆ ಅದೇ ಮನೆಯಲ್ಲಿದ್ದಾರೆ. ಕೊನೆಗೆ ಬೆಂಗಳೂರಿನಿಂದ ಬಂದ ಪೊಲೀಸ್ ಅಧಿಕಾರಿ ಗುಟ್ಟು ಬಿಡಿಸುತ್ತಾನೆ. ಓದಿದ ಗೆಳೆಯರು 'ಭಯವೇ ಆಗಲಿಲ್ಲ' ಎಂದರು. ಕೆಲವು ಪುಟ ಲಗತ್ತಿಸಿದ್ದೇನೆ. ಏನು ಮಾಡಲಿ?
– ಓದುಗ, ರಿಪ್ಪನ್‌ಪೇಟೆ

ಉತ್ತರ: ಮೊದಲು ಆ ಅಧಿಕಾರಿಯನ್ನು ವಾಪಸ್ ಬೆಂಗಳೂರು ಬಸ್ಸು ಹತ್ತಿಸಿ ಮಾರಾಯ್ರೆ. ನಾನು ಸಾಗರದ ಕೋರ್ಟಿನಲ್ಲಿ ಪಾಲಿನ ದಾವೆ ನಡೆಸುತ್ತಲೇ ಮುದುಕನಾದವನು. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿ, ಒಂದೇ ಬಾವಿಯ ನೀರು ಸೇದುತ್ತ, ವರ್ಷಗಟ್ಟಲೆ ಮಾತಾಡದ ಅಣ್ಣತಮ್ಮಂದಿರನ್ನು ಕಂಡಿದ್ದೇನೆ. ಅಂಥ ಮನೆಯಲ್ಲಿ ಏನು ನಡೆಯಿತೆಂದು ಎಲ್ಲರಿಗೂ ಗೊತ್ತಿರುತ್ತದೆ. ಮೊದಲು ಬಾಯಿ ಬಿಡುವವರು ಯಾರು ಎಂಬುದೇ ಭಯ. ಕೊಂದವನು ತಮ್ಮನೆಂದು ಮೂರನೇ ಅಧ್ಯಾಯದಲ್ಲೇ ಹೇಳಿಬಿಡಿ.

ಆಮೇಲೆ ಕಾನೂನನ್ನು ಕೆಲಸಕ್ಕೆ ಹಚ್ಚಿ. ತಮ್ಮನಿಗೆ ಬೇಕಾದದ್ದು ತೋಟ. ಆದರೆ ಪಹಣಿಯಲ್ಲಿ ಅಣ್ಣನ ಹೆಸರೂ ಕೂತಿದೆ. ಸತ್ತವನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಬೇಕು, ಹೆಣ ತೋರಿಸುವಂತಿಲ್ಲ. ಸುದ್ದಿ ತಿಳಿಯಬೇಕಾದವರಿಗೇ 7 ವರ್ಷ ಒಬ್ಬನ ಸುದ್ದಿ ತಿಳಿಯದಿದ್ದರೆ, ಅವನು ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದು 108ನೇ ಕಲಂ ಆಗಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 111ನೇ ಕಲಂ. ಅಂದರೆ ಕೊಂದವನೇ ಏಳು ಮಳೆಗಾಲ ಕಾಯಬೇಕು. ಪ್ರತಿ ಮದುವೆಮನೆಯಲ್ಲೂ 'ಅಣ್ಣನ ಸುದ್ದಿ ಬಂತನಾ?' ಎಂದವರಿಗೆ ಮುಖ ಸಣ್ಣ ಮಾಡಿ ಇಲ್ಲ ಎನ್ನಬೇಕು. ಆರನೇ ವರ್ಷ ಅತ್ತಿಗೆ 'ಹುಬ್ಬಳ್ಳಿಯಿಂದ ಫೋನು ಬಂದಿತ್ತು, ಅವರದ್ದೇ ದನಿ' ಎಂದುಬಿಟ್ಟರೆ? ಲೆಕ್ಕ ಮತ್ತೆ ಮೊದಲಿನಿಂದ. ಅದು ಸುಳ್ಳೆಂದು ತಮ್ಮನಿಗೆ ಖಚಿತವಾಗಿ ಗೊತ್ತು, ಹೇಗೆ ಗೊತ್ತು ಎಂದು ಹೇಳುವಂತಿಲ್ಲ. ಅವಳಿಗೂ ಬೇಕಾದದ್ದು ಅಷ್ಟೇ. ಅವನ ಮುಖ ನೋಡುತ್ತ ನಿಂತಿದ್ದಾಳೆ.

ಇನ್ನೊಂದಿದೆ. 7 ವರ್ಷ ಕಳೆದ ಮೇಲೂ ಕೋರ್ಟು ಅವನು ಸತ್ತಿದ್ದಾನೆ ಎಂದು ಭಾವಿಸುತ್ತದೆಯೇ ಹೊರತು ಯಾವತ್ತು ಸತ್ತ ಎಂಬುದನ್ನಲ್ಲ. ಶಾಸ್ತ್ರದ ದಾರಿಯೇ ಬೇರೆ: 12 ವರ್ಷ ಕಾದು ದರ್ಭೆಯ ಬೊಂಬೆ ಸುಟ್ಟು ಸಂಸ್ಕಾರ ಮಾಡಿ ಎನ್ನುತ್ತಾರೆ ಪುರೋಹಿತರು. ನಡುವಿನ ಐದು ವರ್ಷ, ಕಾಗದದಲ್ಲಿ ಸತ್ತವನ ಹೆಂಡತಿ ಮನೆಯಲ್ಲಿ ಕುಂಕುಮ ಇಟ್ಟುಕೊಂಡೇ ಓಡಾಡುತ್ತಾಳೆ. ಸತ್ತ ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆಯಂದು ಪಿಂಡ ಇಡುವುದು ರೂಢಿ. ಕೊನೆಗೊಂದು ದಿನ ಭಟ್ಟರು ಪಂಚಾಂಗ ಬಿಚ್ಚಿ 'ಅಮಾವಾಸ್ಯೆಗೇ ಇಟ್ಕೊಳ್ಳೋಣ' ಎಂದಾಗ, ಕಾಫಿ ಲೋಟ ಇಡಲು ಬಂದ ತಾಯಿ 'ಅಮಾಸೆ ಬೇಡ, ಆಷಾಢ ಬಹುಳ ನವಮಿ' ಎನ್ನಲಿ. ತಮ್ಮನಲ್ಲ, ತಾಯಿ! ಇದು ನಿಮಗೆ ಪುಕ್ಕಟೆ.

ನಿಮ್ಮ ಪುಟಗಳಲ್ಲಿ ಭಯ ಹುಟ್ಟಿಸಲು ಪದೇ ಪದೇ ಕರೆಂಟು ಹೋಗುತ್ತದೆ. ಮಲೆನಾಡಿನ ಓದುಗನಿಗೆ ಜೂನ್ ತಿಂಗಳಲ್ಲಿ ಕರೆಂಟು ಇದ್ದರೆ ಗಾಬರಿ. ಅದರ ಬದಲು ಕೊನೆಗೌಡನನ್ನು ತನ್ನಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ಮಳೆ ಹಿಡಿಯುವ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಮರ ಹತ್ತುವವನು. ಮರದಿಂದ ಮರಕ್ಕೆ ದಾಟುವ ಅವನಿಗೆ ಹಿತ್ತಿಲು, ಬಚ್ಚಲು, ಗೊಬ್ಬರಗುಂಡಿ ಎಲ್ಲ ಮೇಲಿನಿಂದ ಕಾಣುತ್ತದೆ. 'ಎರಡನೇ ಔಷಧಿಗೆ ನಾ ಬರೂದಿಲ್ಲ' ಎಂದು ಅವನು ಹೇಳಿಕಳಿಸಿದರೆ ಸಾಕು, ಪೊಲೀಸರಿಗಿಂತ ಮುಂಚೆ ಊರಿಗೆ ಅರ್ಥವಾಗುತ್ತದೆ.

ಪ್ರಶ್ನೆ: ನನ್ನ ಕತೆಯಲ್ಲಿ ಸೊಸೆ ಕಷಾಯಕ್ಕೆ ಮೈಲುತುತ್ತ ಬೆರೆಸಿ, ಯಾರಿಗೂ ತಿಳಿಯದಂತೆ ಅತ್ತೆಯನ್ನು ಕೊಲ್ಲುತ್ತಾಳೆ. ಸರಿಯೇ?
– ಓದುಗಿ, ತೀರ್ಥಹಳ್ಳಿ

ಉತ್ತರ: ನಿಮ್ಮ ಮನೆಯಲ್ಲಿ ತೋಟ ಇಲ್ಲವೆಂದು ಕಾಣುತ್ತದೆ! ಕಡುನೀಲಿ ಬಣ್ಣ, ಬಾಯಿಗಿಟ್ಟರೆ ಸಹಿಸಲಾಗದ ರುಚಿ, ಮೇಲೆ ವಾಂತಿ. ಯಾರಿಗೂ ತಿಳಿಯದೆ ಉಳಿಯುವ ಮಾತೇ ಇಲ್ಲ. ಕಷಾಯದಲ್ಲಿ ಏನೂ ಬೆರೆಸಬೇಡಿ. ಅತ್ತೆ ಲೋಟ ತಿರುಗಿಸಿ ನೋಡಿ, 'ಮೊದ್ಲು ನೀ ಒಂದು ಗುಟುಕು ಕುಡಿ' ಎನ್ನಲಿ. ಸೊಸೆ ಕುಡಿಯಲಿ. ಮರುದಿನವೂ ಅದೇ ಮಾತು, ಅದರ ಮರುದಿನವೂ. ವಿಷದ ಯೋಚನೆ ಸೊಸೆಗೆ ಬರುವುದು ಹಾಗೆ.

ಪ್ರಶ್ನೆ: ಶರಾವತಿ ಹಿನ್ನೀರಿನಲ್ಲಿ ಹೆಣ ಮುಳುಗಿಸಿದರೆ ಎಂದೂ ಸಿಗುವುದಿಲ್ಲ ಅಲ್ಲವೇ? ಕತೆಗಾಗಿ ಕೇಳುತ್ತಿದ್ದೇನೆ.
– ಓದುಗ, ಶಿವಮೊಗ್ಗ

ಉತ್ತರ: ಕತೆಗಾಗಿ ಎಂದೇ ನಂಬಿದ್ದೇನೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಮುಳುಗಿದ ಮಡೆನೂರಿನ ಹಳೆಯ ಅಣೆಕಟ್ಟೇ ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಎದ್ದು ನಿಲ್ಲುತ್ತದೆ, ಜನ ಸಂಸಾರ ಸಮೇತ ನೋಡಲು ಹೋಗುತ್ತಾರೆ. ನಿಮ್ಮ ಕೊಲೆಗಾರ ಸ್ಥಳೀಯನಾದರೆ ಇಷ್ಟು ದಡ್ಡನಾಗಿರಲಾರ. ಬೇರೆ ಜಾಗ ಹುಡುಕಿ. ಇಲ್ಲವೇ ಮಳೆ ಕೈಕೊಟ್ಟ ವರ್ಷದ ಏಪ್ರಿಲ್‌ನಿಂದ ಕತೆ ಶುರು ಮಾಡಿ. ದಿನಾ ಬೆಳಿಗ್ಗೆ ಪೇಪರಿನಲ್ಲಿ ಅವನು ಮೊದಲು ಓದುವುದು ಜಲಾಶಯದ ಮಟ್ಟವನ್ನೇ.