ಹಸಿ ಎಲೆ ಹಾಕಿ ಮಾಡಿದ ಮುಲಾಮು ಹತ್ತೇ ದಿನದಲ್ಲಿ ಬೂಷ್ಟು ಹಿಡಿಯಿತು, ತಪ್ಪಿದ್ದೆಲ್ಲಿ?

ಬೇವಿನ ಎಲೆ ಮತ್ತು ಒಂದೆಲಗವನ್ನು ರುಬ್ಬಿ ತೆಂಗಿನೆಣ್ಣೆಯಲ್ಲಿ ಕಾಯಿಸಿ, ಕೊನೆಗೆ ಲೋಳೆಸರದ ತಿರುಳನ್ನೂ ಸೇರಿಸಿ ಮಾಡಿದ ಮುಲಾಮು ಹತ್ತು ದಿನಗಳಲ್ಲಿ ಬೂಷ್ಟು ಹಿಡಿಯಿತೆಂದು ಬರೆದಿದ್ದೀರಿ. ಕೆಟ್ಟದ್ದು ಎಣ್ಣೆಯಲ್ಲ, ಅದರೊಳಗೆ ಉಳಿದ ನೀರು. ಲೋಳೆಸರದ ತಿರುಳಿನಲ್ಲಂತೂ ಬಹುಪಾಲು ನೀರೇ ಇರುವುದರಿಂದ ಅದನ್ನು ಎಣ್ಣೆಯ ಮುಲಾಮಿಗೆ ಹಾಕಲೇಬಾರದು. ಬೇಕೆನಿಸಿದಾಗ ಗಿಡದಿಂದ ಕಿತ್ತು, ಹಳದಿ ರಸವನ್ನು ಸೋರಿಸಿ, ತೊಳೆದು ನೇರವಾಗಿ ಹಚ್ಚಿಕೊಳ್ಳುವುದೇ ಸರಿ.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಮಳೆಗಾಲದಲ್ಲಿ ತೋಟದಿಂದ ತಂದ ಒಂದೆಲಗವನ್ನು ರುಬ್ಬಿ, ಎಣ್ಣೆ ಹಸಿರಾದ ಕೂಡಲೇ ಆಯಿತೆಂದು ಒಲೆಯಿಂದ ಇಳಿಸಿದ್ದೆ. ಎರಡನೆಯ ವಾರ ಡಬ್ಬಿ ತೆರೆದರೆ ಮುಚ್ಚಳದ ಒಳಗೆ ಬೆವರಿನಂತೆ ಹನಿಗಳು, ಕೆಳಗೆ ಕಪ್ಪು ಚುಕ್ಕೆಗಳು. ಹಸಿ ಎಲೆಯನ್ನೇ ಬಳಸುವುದಾದರೆ ಆಯುರ್ವೇದದ ತೈಲಪಾಕದ ಹಳೆಯ ಪರೀಕ್ಷೆಯನ್ನು ಬಿಡಬೇಡಿ. ಸಣ್ಣ ಉರಿಯಲ್ಲಿ ಕಾಯಿಸುತ್ತಾ, ತಳದಲ್ಲಿರುವ ಕಲ್ಕವನ್ನು, ಅಂದರೆ ರುಬ್ಬಿ ಹಾಕಿದ ಎಲೆಯ ಮುದ್ದೆಯನ್ನು, ಸ್ವಲ್ಪ ತೆಗೆದು ಆರಿಸಿ ಬೆರಳುಗಳ ನಡುವೆ ಹೊಸೆದರೆ ಅದು ಬತ್ತಿಯಂತಾಗಬೇಕು, ಆ ಬತ್ತಿಯನ್ನು ದೀಪಕ್ಕೆ ಹಿಡಿದರೆ ಚಟಪಟ ಸದ್ದಿಲ್ಲದೆ ಉರಿಯಬೇಕು. ಸದ್ದು ಕೇಳಿದರೆ ನೀರಿನ ಪಸೆ ಇನ್ನೂ ಇದೆಯೆಂದೇ ಅರ್ಥ.

ಅಷ್ಟು ತಾಳ್ಮೆ ನನಗೆ ಈಗ ಇಲ್ಲ. ಎಲೆಗಳನ್ನು ನೆರಳಿನಲ್ಲಿ, ಮುರಿದರೆ ಪುಡಿಯಾಗುವಷ್ಟು ಒಣಗಿಸಿಕೊಂಡು, 200 ಗ್ರಾಂ ತೆಂಗಿನೆಣ್ಣೆಗೆ ಎರಡು ಹಿಡಿಯಂತೆ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಎರಡು ಗಂಟೆ ಬಿಡುತ್ತೇನೆ. ಬಿಸಿನೀರಿನ ಹಬೆ ಎಣ್ಣೆಗೆ ಇಳಿಯದಂತೆ ಮಾತ್ರ ನೋಡಿಕೊಳ್ಳಬೇಕು. ಒಣ ಬಟ್ಟೆಯಲ್ಲಿ ಸೋಸಿ ಒಂದು ರಾತ್ರಿ ಇಟ್ಟು, ತಳದ ಮಡ್ಡಿಯನ್ನು ಬಿಟ್ಟು ಮೇಲಿನ ಎಣ್ಣೆಯನ್ನಷ್ಟೇ ಬಗ್ಗಿಸಿಕೊಳ್ಳಿ. ಅರಿಶಿನ ಹಾಕುವವರಿದ್ದಾರೆ, ಹಾಸಿಗೆಯ ಹೊದಿಕೆಗೆ ಹತ್ತಿದ ಕಲೆಯನ್ನು ಒಮ್ಮೆ ಉಜ್ಜಿದ ಮೇಲೆ ನಾನು ಬಿಟ್ಟಿದ್ದೇನೆ.

ತೆಂಗಿನೆಣ್ಣೆ ಸುಮಾರು 24–25 ಡಿಗ್ರಿಗೇ ಕರಗುವುದರಿಂದ, ಡಿಸೆಂಬರಿನ ಬೆಳಗಿನಲ್ಲಿ ಗಟ್ಟಿಯಾಗಿದ್ದ ಮುಲಾಮು ಏಪ್ರಿಲ್‌ನಲ್ಲಿ ನೀರಾಗುತ್ತದೆ. ಅದಕ್ಕಾಗಿ ಜೇನುಮೇಣ ಬೇಕು. 100 ಗ್ರಾಂ ಎಣ್ಣೆಗೆ 18ರಿಂದ 20 ಗ್ರಾಂ ಮೇಣವೆಂಬುದು ನನ್ನ ಅಳತೆ. ಮೇಣ ಕರಗಲು 62–64 ಡಿಗ್ರಿ ಸಾಕು, ನೇರ ಉರಿಯ ಅಗತ್ಯವಿಲ್ಲ. ಕರಗಿದ್ದನ್ನು ತಣ್ಣನೆಯ ಚಮಚದ ಮೇಲೆ ಒಂದು ಹನಿ ಬಿಟ್ಟು ನೋಡಿ, ಬೆರಳಿಗೆ ಬಾರದಷ್ಟು ಗಟ್ಟಿಯಾದರೆ ಎಣ್ಣೆ, ಸಡಿಲವಾದರೆ ಮೇಣ ಸೇರಿಸಿ. ಒಡೆದ ಹಿಮ್ಮಡಿಗಾಗಿ ಮಾಡುವಾಗ ಎಣ್ಣೆಯಲ್ಲಿ 20 ಗ್ರಾಂ ಕಡಿಮೆ ಮಾಡಿ ಅಷ್ಟೇ ಮುರುಗಲ ತುಪ್ಪ (ಕೋಕಂ ಬೀಜದ ಗಟ್ಟಿ ಕೊಬ್ಬು) ಹಾಕುತ್ತೇನೆ. ಉತ್ತರ ಕನ್ನಡದ ಮನೆಗಳಲ್ಲಿ ಬೀಜವನ್ನು ಕುಟ್ಟಿ ನೀರಿನಲ್ಲಿ ಕುದಿಸಿಯೇ ಈ ತುಪ್ಪ ತೆಗೆಯುವುದರಿಂದ ಉಂಡೆಯೊಳಗೆ ಪಸೆ ಉಳಿದಿರಬಹುದು. ಅದನ್ನು ಬೇರೆಯಾಗಿ ಕಾಯಿಸಿ, ಸಿಡಿಯುವುದು ನಿಂತ ಮೇಲೆ ಬೆರೆಸಿ.

ಡಬ್ಬಿ ಕುದಿಸಿ ಒಣಗಿಸಿದ್ದಾಗಿರಲಿ, ಚಿಕ್ಕದಾಗಿರಲಿ. ಮುಲಾಮು ಪೂರ್ತಿ ಆರುವ ಮುನ್ನ ಮುಚ್ಚಳ ಹಾಕಬೇಡಿ, ಒದ್ದೆ ಬೆರಳನ್ನು ಅದ್ದಬೇಡಿ.

ಮೊದಲ ಸಲ ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ, ಗಿಡಮೂಲಿಕೆಯೂ ಅಲರ್ಜಿ ತರಬಲ್ಲದು. ಸೊಳ್ಳೆ ಕಡಿತಕ್ಕೆ, ಒಣಗಿ ಬಿರುಕಾದ ಚರ್ಮಕ್ಕೆ, ಗಾಯ ಮುಚ್ಚಿದ ಮೇಲೂ ಉಳಿಯುವ ಇಂಬಳ ಕಡಿತದ ನವೆಗೆ ಇದು ಹಿತವೆಂಬುದು ನನ್ನ ಅನುಭವ. ಬೆವರುಸಾಲೆಗೆ ಹಚ್ಚಬೇಡಿ, ಬೆವರಿನ ದಾರಿ ಇನ್ನಷ್ಟು ಮುಚ್ಚುತ್ತದೆ. ಉಂಗುರದಂತೆ ಹರಡುವ ಹುಳುಕಡ್ಡಿಗೆ, ನೀರು ಸೋರುವ ಗಾಯಕ್ಕೆ, ಸುಟ್ಟಗಾಯಕ್ಕೆ ಚರ್ಮವೈದ್ಯರೇ ಬೇಕು. ಮಲೆನಾಡಿನವರಾಗಿದ್ದು ಉಣುಗು ಕಚ್ಚಿದ ಮೇಲೆ ಜ್ವರ ಬಂದರೆ ಮುಲಾಮಿನ ಮಾತೇ ಬೇಡ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವುದು, ಅದೇ ದಿನ ಆಸ್ಪತ್ರೆಗೆ ಹೋಗಿ ಕಡಿತದ ವಿಷಯವನ್ನೂ ತಿಳಿಸಿ.