‘0 ಡಿಫರೆನ್ಸ್’ ಬಂದದ, ಹಳೇದು ಒರೆಸ್ಲೇನ್ರಿ?

ಪ್ರಶ್ನೆ: ಸರ, ಕಲಬುರಗಿ ಆಫೀಸ್‌ನಾಗ ಹಳೇ ಕಾಗದಪತ್ರ ಸ್ಕ್ಯಾನ್ ಮಾಡಿ ಆಬ್ಜೆಕ್ಟ್ ಸ್ಟೋರೇಜ್‌ನಾಗ (ಫೈಲ್ ಇಡೋ ಸರ್ವರ್ ವ್ಯವಸ್ಥಾದಾಗ) ಇಟ್ಟೀವಿ, ಸುಮಾರು 12 ಟಿಬಿ. ಅದನ್ನ ಆರ್‌ಕ್ಲೋನ್ ಅನ್ನೋ ಕಾಪಿ ಪ್ರೋಗ್ರಾಂಲೆ ಬೀದರ್ ಕ್ಲಸ್ಟರ್‌ಗೆ (ಅಲ್ಲಿನ ಸರ್ವರ್ ಗುಂಪಿಗೆ) ಕಾಪಿ ಮಾಡೀವಿ. ಚೆಕ್ ಓಡಿಸಿದ್ರ ‘0 ಡಿಫರೆನ್ಸ್’ ಅಂತದ, ಆದ್ರ ದೊಡ್ಡ ಫೈಲ್‌ಗಳ ಇಟ್ಯಾಗ್ (ಸ್ಟೋರೇಜ್ ಪ್ರತಿ ಫೈಲಿಗೆ ಹಚ್ಚೋ ಗುರುತಿನ ಚೀಟಿ) ಎರಡೂ ಕಡೆ ಕೂಡ್ತಿಲ್ಲ, ಸೈಜ್ ಮಾತ್ರ ಒಂದೇ. ಹಳೇದು ಒರೆಸು ಅಂತ ಸಾಹೇಬ್ರು ಗಂಟು ಬಿದ್ದಾರ. ಏನ್ ಮಾಡ್ಲಿ?
— ಒಬ್ಬ ಓದುಗ, ಕಲಬುರಗಿ

ಉತ್ತರ: ಈಗೇ ಒರೆಸಬ್ಯಾಡ್ರಿ. ಡೇಟಾ ಕೆಟ್ಟದ ಅಂತ ನಾ ಹೇಳ್ತಿಲ್ಲ, ಇನ್ನಾ ಯಾರೂ ಒಳಗ ನೋಡಿಲ್ಲ ಅಷ್ಟೇ.

ಇಟ್ಯಾಗ್‌ಗ ಮಾತ್ರ ಹೆದರಬ್ಯಾಡ್ರಿ. ಒಂದೇ ಸಲಕ್ಕ ಏರಿಸಿದ ಫೈಲಿಗೆ ಸಾಮಾನ್ಯವಾಗಿ ಅದು ಎಂಡಿ5 (ಫೈಲಿನೊಳಗಿನ ಡೇಟಾದಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತು, ಇಂಥದ್ದಕ್ಕ ಹ್ಯಾಶ್ ಅಂತಾರ) ಇರ್ತದ, ಆದ್ರ ಮಲ್ಟಿಪಾರ್ಟ್‌ನಾಗ, ಅಂದ್ರ ತುಂಡು ಮಾಡಿ ಏರಿಸಿದಾಗ, ಒಂದೊಂದು ತುಂಡಿನ ಎಂಡಿ5 ತೆಗೆದು, ಅವನ್ನೆಲ್ಲಾ ಜೋಡಿಸಿ ಮತ್ತೊಮ್ಮೆ ಎಂಡಿ5 ಮಾಡಿ, ಕೊನೀಗೆ ಒಂದು ಗೆರೆ ಎಳೆದು ತುಂಡು ಎಷ್ಟು ಅಂತ ಬರೀತಾರ. ಅಲ್ಲಿ 8 ಎಂಬಿ ತುಂಡು, ಇಲ್ಲಿ 5 ಎಂಬಿ ತುಂಡು ಆದ್ರ ಫೈಲ್ ಅದೇ ಇದ್ರೂ ಇಟ್ಯಾಗ್ ಬ್ಯಾರೆ ಬರ್ತದ. ತೊಗರಿ 50 ಕಿಲೋ ಚೀಲದಾಗ ತುಂಬ್ರಿ, ಕ್ವಿಂಟಲ್ ಚೀಲದಾಗ ತುಂಬ್ರಿ, ಕಾಳು ಅವೇ, ಚೀಟಿ ಬ್ಯಾರೆ.

ನನಗ ಅನುಮಾನ ಇರೋದು ಆ ‘0’ ಮ್ಯಾಲ. ಚೆಕ್‌ನ ಔಟ್‌ಪುಟ್ ಇನ್ನೊಮ್ಮೆ ನೋಡ್ರಿ, ಇಷ್ಟು ಹ್ಯಾಶ್ ಚೆಕ್ ಮಾಡಾಕ ಆಗಿಲ್ಲ ಅಂತ ಒಂದು ಸಾಲು ಇರಬೇಕು. ಮಲ್ಟಿಪಾರ್ಟ್ ಫೈಲಿಗೆ ಬಳಸಲಿಕ್ಕೆ ಬರೋ ಎಂಡಿ5 ಸಿಗದಿದ್ರ ಆರ್‌ಕ್ಲೋನ್ ಸೈಜ್ ನೋಡಿ ಮುಂದ ಹೋಗ್ತದ. ಅಂದ್ರ ಚೀಲ ಎಣಿಸ್ಯಾರ, ಬಾಯಿ ಬಿಚ್ಚಿಲ್ಲ.

ಚೆಕ್‌ಗೆ ಡೌನ್‌ಲೋಡ್ ಆಪ್ಶನ್ ಕೊಟ್ರ ಎರಡೂ ಕಡೆಯ ಡೇಟಾ ಪೂರ್ತಿ ಓದಿ ಹೋಲಿಸ್ತದ, ಆದ್ರ 1 ಜಿಬಿಪಿಎಸ್ ಲೈನ್ ಪೂರ್ತಿ ನಿಮಗೇ ಸಿಕ್ರೂ 12 ಟಿಬಿ ದಾಟಾಕ 27 ತಾಸು ಹತ್ರ ಬೇಕು, ಮತ್ತ ಪೂರ್ತಿ ಲೈನ್ ಯಾರ್ ಕೊಡ್ತಾರ ಹೇಳ್ರಿ. ಅದಕ್ಕ ಬೀದರ್‌ದಾಗೇ ಒಂದು ಮಷಿನ್ ಮ್ಯಾಲ, ಕಲಬುರಗಿದಾಗ ಒಂದು ಮಷಿನ್ ಮ್ಯಾಲ ಆರ್‌ಕ್ಲೋನ್‌ದ ಎಂಡಿ5ಸಮ್ ಕಮಾಂಡ್‌ನ್ನ ಅದೇ ಡೌನ್‌ಲೋಡ್ ಆಪ್ಶನ್ ಹಾಕಿ ಓಡಿಸ್ರಿ, ಪಟ್ಟಿ ಮಾತ್ರ ಈ ಕಡೆ ತಂದು ಸಾರ್ಟ್ ಮಾಡಿ ಡಿಫ್ (ಎರಡು ಪಟ್ಟಿಯ ವ್ಯತ್ಯಾಸ ತೋರಿಸೋ ಕಮಾಂಡ್) ಹಾಕ್ರಿ. ನಡುವ ಯಾರರೆ ಹೊಸಾ ಫೈಲ್ ಏರಿಸಿದ್ರ ಪಟ್ಟಿ ಕೂಡಂಗಿಲ್ಲ, ಅದಕ್ಕ ಮಿನ್-ಏಜ್ 2 ದಿನ ಇಡ್ರಿ, ಅದಕ್ಕಿಂತ ಹೊಸಾ ಫೈಲ್ ಬಿಟ್ಟು ಹೋಗ್ತದ.

ಸೆಫ್ (ಬಹಳ ಸರ್ವರ್ ಕೂಡಿಸಿ ಸ್ಟೋರೇಜ್ ನಡೆಸೋ ಸಾಫ್ಟ್‌ವೇರ್) ಇದ್ದೋರು ‘ಡೀಪ್ ಸ್ಕ್ರಬ್ ವಾರಕ್ಕೊಮ್ಮೆ ಓಡ್ತದಲ್ರಿ’ ಅಂತಾರ. ಅದು ತನ್ನ ಕ್ಲಸ್ಟರ್ ಒಳಗಿನ ಪ್ರತಿಗಳನ್ನ ಅಷ್ಟೇ ಓದಿ ಹೋಲಿಸಿ ನೋಡ್ತದ, ಬೀದರ್ ಸುದ್ದಿ ಅದಕ್ಕ ಗೊತ್ತಿಲ್ಲ.

ಇನ್ನೊಂದು, ಇದು ನಾನೇ ಪೆಟ್ಟು ತಿಂದ ಮಾತು. ಒಮ್ಮೆ ಎರಡೂ ಪಟ್ಟಿ ಚೊಲೋ ಕೂಡಿದ್ವು, ಆದ್ರ ಕೆಲವು ಪಿಡಿಎಫ್ ತೆರೀಲೇ ಇಲ್ಲ. ಮೊದಲನೇ ದಿನಾನೇ ಅರ್ಧಂಬರ್ಧ ಏರಿದ್ವು, ಆ ಹರಕು ಫೈಲೇ ಹಂಗೇ ನಿಯತ್ತಿನಿಂದ ಕಾಪಿ ಆಗಿತ್ತು. ಅದಕ್ಕ ಇನ್ನ ಮುಂದ ಸ್ಕ್ಯಾನರ್ ಇರೋ ಮಷಿನ್‌ನಾಗೇ, ಏರಿಸೋದಕ್ಕಿಂತ ಮೊದ್ಲ, ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಮೆಟಾಡೇಟಾದಾಗ (ಫೈಲ್ ಜೋಡಿ ಇಡೋ ವಿವರದಾಗ) ಬರೆದಿಡ್ರಿ.

ಡಿಫ್ ಖಾಲಿ ಬಂತಂದ್ರ ಕಣ್ಣು ಮುಚ್ಚಿ ಒಂದಿಪ್ಪತ್ತು ಫೈಲ್ ಬೀದರ್‌ದಿಂದ ಇಳಿಸಿ ತೆರೆದು ನೋಡ್ರಿ, ಆಮ್ಯಾಲ ಸಾಹೇಬ್ರಿಗೆ ಹೂಂ ಅನ್ರಿ.