ಎಂಟರ್‌ಪ್ರೈಸ್ ಎಷ್ಟು ಉದ್ದ, ಹೇಳಿದವರು ಯಾರು?

ಓದುಗರ ಪತ್ರ (ಸಂಕ್ಷಿಪ್ತವಾಗಿ): ನಾವು ನಾಲ್ವರು ಗೆಳೆಯರು. ಇಬ್ಬರು ಮಂಡ್ಯದವರು, ಇಬ್ಬರು ಮೈಸೂರಿನವರು. ಭಾನುವಾರ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸೇರುತ್ತೇವೆ. ಎಲ್ಲರಿಗೂ ‘ಸ್ಟಾರ್ ಟ್ರೆಕ್’ ಎಂಬ ಬಾಹ್ಯಾಕಾಶ ಕಥೆಯ ಟಿವಿ ಸರಣಿ ಅಂದರೆ ಪ್ರಾಣ. ಕಾಲೇಜಿನ ಪ್ರದರ್ಶನಕ್ಕೆ ಎಂಟರ್‌ಪ್ರೈಸ್ ನೌಕೆಯ ರಟ್ಟಿನ ಮಾದರಿ ಮಾಡಲು ಹೊರಟೆವು. ಅಳತೆಯ ವಿಷಯಕ್ಕೇ ಜಗಳ ಶುರುವಾಯಿತು. ತೆರೆಯ ಮೇಲೆ ಬಂದದ್ದು ಮಾತ್ರ ಅಧಿಕೃತ ಅಂತ ಒಬ್ಬ. 1975ರ ತಾಂತ್ರಿಕ ಕೈಪಿಡಿಯ ಜೆರಾಕ್ಸ್ ಹಿಡಿದು, ಇದೇ ಅಧಿಕೃತ ಅಂತ ಇನ್ನೊಬ್ಬ. ಈಗ ಇಬ್ಬರೂ ಮಾತು ಬಿಟ್ಟಿದ್ದಾರೆ. ಯಾವುದು ಸರಿ? ಇಲ್ಲದ ನೌಕೆಗೆ ಇಷ್ಟೊಂದು ಜಗಳ ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ಅದಕ್ಕೂ ಉತ್ತರ ಕೊಡಿ.
— ಮಂಡ್ಯದ ಓದುಗ

ಸಂಪಾದಕರ ಉತ್ತರ:

ಬರೀ ನಿಯಮ ಕೇಳಿದರೆ ನಿಮ್ಮ ಮೊದಲ ಗೆಳೆಯ ಹೇಳಿದ್ದು ಸರಿ. ಟಿವಿ ಸರಣಿಗಳು ಮತ್ತು ಸಿನಿಮಾಗಳಲ್ಲಿ ಕಂಡದ್ದು, ಕೇಳಿದ್ದು ಲೆಕ್ಕಕ್ಕೆ ಬರುತ್ತದೆ. ಕಾದಂಬರಿ, ಕಾಮಿಕ್ಸ್, ಆಟ, ಕೈಪಿಡಿ ಬರುವುದಿಲ್ಲ. ಹಕ್ಕು ಇರುವವರು ಬಹುಕಾಲದಿಂದ ಹೇಳುತ್ತಾ ಬಂದಿರುವುದು ಇದನ್ನೇ. ಆದರೆ ಈ ನಿಯಮವನ್ನು ಗಟ್ಟಿಯಾಗಿ ಹಿಡಿದರೆ ನಿಮ್ಮ ಮಾದರಿಗೆ ಉದ್ದವೇ ಸಿಗುವುದಿಲ್ಲ. ಎಲ್ಲರೂ ಹೇಳುವ 947 ಅಡಿ, ಅಂದರೆ ಸುಮಾರು 289 ಮೀಟರ್, 1966ರಲ್ಲಿ ಶುರುವಾದ ಮೂಲ ಸರಣಿಯ ಯಾವ ಸಂಭಾಷಣೆಯಲ್ಲೂ ಬರುವುದಿಲ್ಲ. ಸರಣಿ ತಯಾರಾದ ಬಗೆಯನ್ನು ವಿವರಿಸುವ 1968ರ ಒಂದು ಪುಸ್ತಕದಿಂದ ಅದು ಜನರ ಬಾಯಿಗೆ ಬಂತು. ನೌಕೆಯ ವಿನ್ಯಾಸ ಮಾಡಿದ ಮ್ಯಾಟ್ ಜೆಫರೀಸ್ ಅವರ ನಕ್ಷೆಗಳೂ ಅದರಲ್ಲಿದ್ದವು. ನಮ್ಮ ಅಂಬಾವಿಲಾಸ ಅರಮನೆಯ ಉದ್ದ 245 ಅಡಿ. ಹಾಗೆ ನೋಡಿದರೆ ಎಂಟರ್‌ಪ್ರೈಸ್ ಹೆಚ್ಚುಕಡಿಮೆ ನಾಲ್ಕು ಅರಮನೆಗಳಷ್ಟು ಉದ್ದ. ಇಂಥ ನೌಕೆಯ ಅಳತೆ ಪುಸ್ತಕದಿಂದ ಬಂದದ್ದು ಅಂತ ಬಿಟ್ಟುಬಿಡೋದಾ? ನಾನಂತೂ ಬಿಡುವುದಿಲ್ಲ.

ತೆರೆಯನ್ನೇ ಪೂರ್ತಿ ನಂಬೋಣ ಅಂದರೆ ಇನ್ನೊಂದು ತೊಂದರೆ ಇದೆ. ಗೆಲಿಲಿಯೊ ಎಂಬ ಕಿರುನೌಕೆ ನಿಮಗೆ ಗೊತ್ತೇ ಇದೆ. 1967ರ ಜನವರಿಯಲ್ಲಿ ಬಂದ ಕಂತಿನಲ್ಲಿ ಅದು ಏಳು ಜನರ ಜೊತೆ ಕಾಣೆಯಾಗುತ್ತದೆ. ಅದು 24 ಅಡಿ ಉದ್ದದ್ದು ಅಂತ ಎಂಟರ್‌ಪ್ರೈಸ್‌ನ ನಾಯಕ ಕ್ಯಾಪ್ಟನ್ ಕರ್ಕ್ ಬಾಯಿಬಿಟ್ಟು ಹೇಳುತ್ತಾನೆ. ನಿಮ್ಮ ಗೆಳೆಯನ ನಿಯಮದ ಪ್ರಕಾರ ಇದಕ್ಕಿಂತ ಅಧಿಕೃತವಾದದ್ದು ಇರಲು ಸಾಧ್ಯವಿಲ್ಲ. ಆದರೆ ಅದೇ ಕಂತಿನಲ್ಲಿ ಒಳಗಿನ ದೃಶ್ಯ ನೋಡಿ. ದೊಡ್ಡ ಆಳುಗಳು ನೆಟ್ಟಗೆ ನಿಂತು ಓಡಾಡುತ್ತಾರೆ. ಹೊರಗಿನಿಂದ ಕಾಣುವ ಗೆಲಿಲಿಯೊ ಒಳಗೆ ಹಾಗೆ ನಿಂತರೆ ತಲೆ ಚಾವಣಿಗೆ ತಾಗಬೇಕು. ಕಾರಣ ಸರಳ. ಒಳಭಾಗವನ್ನು ಸ್ಟುಡಿಯೊದಲ್ಲಿ ಬೇರೆ ಸೆಟ್ ಆಗಿ ಕಟ್ಟಿದ್ದರು. ಕ್ಯಾಮೆರಾ, ದೀಪ, ನಟರು ಎಲ್ಲಕ್ಕೂ ಜಾಗ ಬೇಕಲ್ವಾ? ಹೀಗಾಗಿ ತೆರೆಯ ಮೇಲೆ ಕೇಳಿದ್ದು ಒಂದು, ಕಂಡದ್ದು ಇನ್ನೊಂದು. ಎರಡೂ ಅಧಿಕೃತವೇ. ಒಂದನ್ನು ಆರಿಸಿಕೊಳ್ಳುವ ಕೆಲಸ ನೋಡುವವರಿಗೇ ಉಳಿಯುತ್ತದೆ.

ತೆರೆಯ ಮೇಲಿನ ಎಡವಟ್ಟು ಇದೊಂದೇ ಅಲ್ಲ. 1989ರ ಐದನೇ ಸಿನಿಮಾದಲ್ಲಿ ಲಿಫ್ಟಿನ ಸುರಂಗದ ಗೋಡೆಯ ಮೇಲೆ 78ನೇ ಮಹಡಿ ಎಂಬ ಬರಹ ಕಾಣುತ್ತದೆ. ಆ ನೌಕೆಯ ಎತ್ತರ ಸುಮಾರು 70 ಮೀಟರ್ ಅಂತ ಇಟ್ಟುಕೊಂಡರೆ ಒಂದು ಮಹಡಿಗೆ ಒಂದು ಮೀಟರ್ ಕೂಡ ಸಿಗುವುದಿಲ್ಲ. ಯಮಾಟೊ ಎಂಬ ನೌಕೆಗೆ ಒಂದು ಕಂತಿನಲ್ಲಿ ಒಂದು ನಂಬರ್, ಮತ್ತೊಂದರಲ್ಲಿ ಬೇರೆಯದೇ ನಂಬರ್. ಕಾನ್‌ಸ್ಟಲೇಷನ್ ನೌಕೆಗೆ 1017 ಅಂತ ಯಾಕಿದೆ ಗೊತ್ತಾ? ಅಂಗಡಿಯಲ್ಲಿ ಮಾರುತ್ತಿದ್ದ ಎಂಟರ್‌ಪ್ರೈಸ್ ಆಟಿಕೆ ಕಿಟ್‌ನ 1701 ಸ್ಟಿಕರ್‌ಗಳನ್ನೇ ಹಿಂದೆಮುಂದೆ ಮಾಡಿ ಅಂಟಿಸಿದ್ದರು. ಇನ್ನೂ ಇಂಥವು ಬೇಕಾದಷ್ಟಿವೆ, ಬಿಡಿ.

ನಿಮ್ಮ ಎರಡನೇ ಗೆಳೆಯನ ಕೈಪಿಡಿಯ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಅದನ್ನು ಬರೆದವರು ಫ್ರಾಂಜ್ ಜೋಸೆಫ್. ಸ್ಯಾನ್ ಡಿಯಾಗೊದಲ್ಲಿ ವಿಮಾನ ಕಂಪನಿಯಲ್ಲಿ ವಿನ್ಯಾಸಕಾರರಾಗಿದ್ದವರು. ಅವರ ಮಗಳು, ಆಕೆಯ ಗೆಳೆಯರು ಸರಣಿಯ ಅಭಿಮಾನಿಗಳು. ಅವರಿಗಾಗಿ ಚಿತ್ರ ಬರೆಯಲು ಕೂತವರು ಕೊನೆಗೆ ಇಡೀ ನೌಕೆಯನ್ನೇ ಮಹಡಿ ಮಹಡಿಯಾಗಿ ಬಿಡಿಸಿದರು. ಬ್ಲೂಪ್ರಿಂಟ್, ಕೈಪಿಡಿ ಎರಡೂ 1975ರಲ್ಲಿ ಒಪ್ಪಿಗೆ ಪಡೆದೇ ಹೊರಬಂದವು. ಸರಣಿಯಲ್ಲಿ ಇಲ್ಲದ ನೌಕೆಗಳನ್ನೂ ಅವರು ಸೇರಿಸಿದರು. ಒಂದೇ ಎಂಜಿನ್ ತೊಟ್ಟಿಲಿನ (ಎಂಜಿನ್ ಇರುವ ಉದ್ದನೆಯ ಕೊಳವೆ) ಸ್ಕೌಟ್ ಎಂಬ ಬೇಹಿನ ನೌಕೆ, ಮೂರು ತೊಟ್ಟಿಲಿನ ಡ್ರೆಡ್‌ನಾಟ್ ಎಂಬ ದೊಡ್ಡ ಯುದ್ಧನೌಕೆ, ಸಾಮಾನು ಎಳೆಯುವ ಟಗ್.

ಇವು ಕೈಪಿಡಿಯಲ್ಲೇ ಉಳಿಯಲಿಲ್ಲ. 1979ರ ಸಿನಿಮಾದಲ್ಲಿ ರೇಡಿಯೊ ಸಂದೇಶಗಳನ್ನು ಕಿವಿಗೊಟ್ಟು ಕೇಳಿ. ಸ್ಕೌಟ್ ಕೊಲಂಬಿಯಾ, ಡ್ರೆಡ್‌ನಾಟ್ ಆಂಟಾಂಟ್ ಅಂತ ಕೇಳಿಸುತ್ತದೆ. 1982ರ ಸಿನಿಮಾದಲ್ಲಿ ಕೈಪಿಡಿಯ ಪುಟಗಳೇ ನೌಕೆಯ ಪರದೆಗಳ ಮೇಲೆ ಕಾಣುತ್ತವೆ. ಆಮೇಲೆ ಗಾಳಿ ತಿರುಗಿತು. 1980ರ ದಶಕದ ಕೊನೆಗೆ ಸರಣಿಯ ಜನಕ ಜೀನ್ ರಾಡನ್‌ಬೆರಿ ಅವರ ಕಡೆಯಿಂದ ಕೈಪಿಡಿ ಲೆಕ್ಕಕ್ಕಿಲ್ಲ ಎಂಬ ಮಾತು ಬಂತು. ಎಂಜಿನ್ ತೊಟ್ಟಿಲುಗಳು ಜೋಡಿಯಾಗಿಯೇ ಇರಬೇಕು ಎಂಬ ನಿಯಮವೂ ಅವರ ಹೆಸರಿನಲ್ಲೇ ಚಾಲ್ತಿಗೆ ಬಂತು. ಒಂದು, ಮೂರು ಎಂಜಿನ್‌ಗಳ ನೌಕೆಗಳೆಲ್ಲ ಒಂದೇ ಏಟಿಗೆ ಹೊರಗೆ. ರಾಡನ್‌ಬೆರಿ 1991ರಲ್ಲಿ ತೀರಿಕೊಂಡರು. 1994ರಲ್ಲಿ ‘ನೆಕ್ಸ್ಟ್ ಜನರೇಷನ್’ ಎಂಬ ಮುಂದಿನ ಸರಣಿಯ ಕೊನೆಯ ಕಂತಿನಲ್ಲಿ ಎಂಟರ್‌ಪ್ರೈಸ್‌ಗೇ ಮೂರು ಎಂಜಿನ್‌ಗಳಿದ್ದವು. 2009ರ ಸಿನಿಮಾ ಶುರುವಾಗುವುದೇ ಒಂಟಿ ಎಂಜಿನ್‌ನ ಕೆಲ್ವಿನ್ ನೌಕೆಯಿಂದ.

ಅದಕ್ಕೇ ನಾನು ಹೇಳುವುದು, ಆ ಜೆರಾಕ್ಸ್ ಹಿಡಿದ ಹುಡುಗನನ್ನು ಸುಮ್ನೆ ತಳ್ಳಿಹಾಕಬೇಡಿ. ಅಧಿಕೃತ ಎನ್ನುವುದು ಈಗಿನ ಯಜಮಾನರು ಏನನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದಾರೆ ಎಂಬುದನ್ನು ಹೇಳುತ್ತದೆ. ಯಾರು ಹೆಚ್ಚು ಯೋಚಿಸಿ ಬರೆದರು ಎಂಬುದನ್ನು ಹೇಳುವುದಿಲ್ಲ. ಕರ್ಕ್‌ನ ನಡುಹೆಸರು ಟೈಬೀರಿಯಸ್ ಎಂಬುದು ಮೊದಲು ಬಂದದ್ದು 1974ರಲ್ಲಿ, ಕಾರ್ಟೂನ್ ಸರಣಿಯಲ್ಲಿ. ಆ ಸರಣಿಯನ್ನೂ ಕೆಲಕಾಲ ಹೊರಗಿಟ್ಟಿದ್ದರು. 1991ರ ಸಿನಿಮಾದಲ್ಲಿ ಅದೇ ಹೆಸರನ್ನು ತೆರೆಯ ಮೇಲೆ ಹೇಳಿಸಿದರು. ‘ಸ್ಟಾರ್ ವಾರ್ಸ್’ ಅಭಿಮಾನಿಗಳ ಪಾಡು ಇನ್ನೂ ಕಷ್ಟದ್ದು. 2014ರ ಏಪ್ರಿಲ್ 25ರಂದು ಒಂದೇ ಪ್ರಕಟಣೆಯಲ್ಲಿ ಅಷ್ಟು ವರ್ಷಗಳ ಕಾದಂಬರಿ, ಕಾಮಿಕ್ಸ್ ಎಲ್ಲ ಮುಖ್ಯ ಕಥೆಯಿಂದ ಹೊರಗೆ ಹೋದವು. ಅವನ್ನು ಓದಿ ಬೆಳೆದವರಿಗೆ ಎಷ್ಟು ನೋವಾಗಿರಬೇಕು ಅಂತ ನನಗೆ ಅರ್ಥವಾಗುತ್ತದೆ.

ಇನ್ನು ಮನೆಯವರ ಪ್ರಶ್ನೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿದ ಜಾಗ ಅದು. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಹಳೆಯ ಗ್ರಂಥ ಸಂಪಾದಿಸುವವರು ಒಂದು ಪ್ರತಿಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಇದ್ದರೆ ಎರಡನ್ನೂ ಬಿಡುವುದಿಲ್ಲ. ತಾವು ಒಪ್ಪಿದ್ದನ್ನು ಮೇಲೆ ಇಟ್ಟು, ಉಳಿದ ಪಾಠಾಂತರಗಳನ್ನು ಯಾವ ಪ್ರತಿಯದು ಅಂತ ಗುರುತು ಹಾಕಿ ಪುಟದ ಅಡಿಯಲ್ಲಿ ಕೊಡುತ್ತಾರೆ. ನಿಮ್ಮ ಗುಂಪು ಕೆರೆ ಏರಿಯ ಮೇಲೆ ಮಾಡುತ್ತಿರುವುದೂ ಇದೇ ಜಾತಿಯ ಕೆಲಸ. ಈ ಅಂಕಿ ಎಲ್ಲಿಂದ ಬಂತು, ಮೊದಲು ಹೇಳಿದ್ದು ಯಾರು, ಯಾವಾಗ ಅಂತ ಪಟ್ಟು ಹಿಡಿದು ಕೇಳುವ ಹುಡುಗರನ್ನು ನೋಡಿದರೆ ನನಗೆ ನಿಜಕ್ಕೂ ಸಂತೋಷ. ಮನೆಯಲ್ಲಿ ಇದನ್ನೇ ಹೇಳಿ.

ಮಾದರಿಯ ವಿಷಯಕ್ಕೆ ಬರೋಣ. 947 ಅಡಿಯನ್ನೇ ಇಟ್ಟುಕೊಳ್ಳಿ, ಪಕ್ಕದಲ್ಲಿ ‘1968ರ ಪುಸ್ತಕದಿಂದ’ ಅಂತ ಬರೆಯಿರಿ. ನೂರರಲ್ಲಿ ಒಂದರ ಅಳತೆಗೆ ಮಾಡಿದರೆ 2.89 ಮೀಟರ್ ಬರುತ್ತದೆ. ಅಷ್ಟು ಉದ್ದದ ರಟ್ಟು ನಡುವೆ ಬಾಗುತ್ತದೆ, ಒಳಗೆ ಬಿದಿರಿನ ದಬ್ಬೆ ಕೊಡಿ. ಶೂಟಿಂಗಿಗೆ ಬಳಸಿದ ದೊಡ್ಡ ಮಾದರಿ ಸುಮಾರು 11 ಅಡಿಯದು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಂನಲ್ಲಿದೆ. ಅದರ ಬಲಭಾಗವನ್ನಷ್ಟೇ ಪೂರ್ತಿ ಮಾಡಿದ್ದರು. ಎಡಗಡೆಯಿಂದ ದೀಪಗಳ ವೈರು ಒಳಗೆ ಹೋಗುತ್ತಿತ್ತು. ಎಡಭಾಗ ತೋರಿಸಬೇಕಾದಾಗ ಅಕ್ಷರಗಳನ್ನು ತಿರುವುಮುರುವಾಗಿ ಅಂಟಿಸಿ, ಬಲಗಡೆಯನ್ನೇ ಶೂಟ್ ಮಾಡಿ, ಫಿಲಂ ತಿರುಗಿಸಿಬಿಡುತ್ತಿದ್ದರು.

ಎಡಗಡೆಯ ಕಿಟಕಿಗಳು ಎಲ್ಲಿರಬೇಕು ಎಂಬುದನ್ನು ಆ ಇಬ್ಬರು ಗೆಳೆಯರಿಗೇ ಬಿಡಿ. ಒಬ್ಬನು ತೆರೆ ನೋಡಿ ಹೇಳಲಿ, ಇನ್ನೊಬ್ಬನು ಬ್ಲೂಪ್ರಿಂಟ್ ನೋಡಿ ಹೇಳಲಿ. ಎರಡೂ ಹೊಂದದ ಕಡೆ ಚೀಟಿ ಅಂಟಿಸಿ. ಕೆಲಸ ಮುಗಿದ ಮೇಲೆ ಎಡಗಡೆಯ ಫೋಟೊ ಮತ್ತು ಆ ಚೀಟಿಗಳ ಪಟ್ಟಿ ಕಳಿಸಿ, ಪತ್ರಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ